ಕಾರಿನ ಡೋರ್ ಲಾಕ್ ರಿಪೇರಿ: ಎಲ್ಲಿ ಒರಿಜಿನಲ್ ಬೇಕೇ ಬೇಕು, ಎಲ್ಲಿ ಲೋಕಲ್ ಸಾಕು

ಜುಲೈ ತಿಂಗಳ ಒಂದು ಸಂಜೆ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟಿದ್ದೆವು. ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಡೋರ್ ಲೈಟ್ ಹತ್ತಿಕೊಂಡಿತು. ಹಿಂದಿನ ಎಡಗಡೆ ಸೀಟಿನಲ್ಲಿ ಅಕ್ಕನ ಮಗಳು, ಇನ್ನೂ ಆರು ವರ್ಷ, ಡೋರಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಗಾಡಿ ಪಕ್ಕಕ್ಕೆ ಹಾಕಿ ಮಳೆಯಲ್ಲೇ ಇಳಿದು ನೋಡಿದರೆ ಡೋರು ಪೂರ್ತಿ ಹಿಡಿದೇ ಇರಲಿಲ್ಲ. ಅರ್ಧ ಲಾಕಿನಲ್ಲಿ ನಿಂತಿತ್ತು, ಸಂದಿಯಲ್ಲಿ ಬೆರಳು ತೂರುತ್ತಿತ್ತು. ಬೆಲ್ಟ್ ಹಾಕಿದ್ದೆವು, ಏನೂ ಆಗಲಿಲ್ಲ. ಆದರೆ ಆ ಡೋರಿಗೆ ಹೊಸ ಲಾಚ್, ಅಂದರೆ ಡೋರನ್ನು ಹಿಡಿದಿಡುವ ಕೊಕ್ಕೆಯ ಪೆಟ್ಟಿಗೆ, ಹಾಕಿಸಿ ಮೂರೇ ವಾರ ಆಗಿತ್ತು.

ಹಾಕಿಸುವಾಗ ಮೇಸ್ತ್ರಿ ಕೇಳಿದ್ದರು, "ಲೋಕಲ್ ಇದೆ, ಈಗ್ಲೇ ಹಾಕ್ಬಿಡ್ತೀನಿ ಅಣ್ಣ. ಒರಿಜಿನಲ್ ಬೇಕಂದ್ರೆ ನಾಲ್ಕು ದಿನ ಕಾಯ್ಬೇಕು." ನಾನೇ "ಹಾಕಿ" ಅಂದಿದ್ದೆ.

ಮರುದಿನ ಅದನ್ನು ಬಿಚ್ಚಿಸಿ, ಡಿಕ್ಕಿಯಲ್ಲಿ ಬಿದ್ದಿದ್ದ ಹಳೇ ಲಾಚನ್ನೂ ತಂದು, ಎರಡನ್ನೂ ಜಗಲಿ ಮೇಲೆ ಪೇಪರ್ ಹಾಸಿ ಪಕ್ಕಪಕ್ಕ ಇಟ್ಟು ನೋಡಿದೆ. ಹೊರಗಿಂದ ಅವಳಿ ಜವಳಿ. ಅದೇ ಆಕಾರ, ಅದೇ ಮೂರು ತೂತು. ಕೈಯಲ್ಲಿ ಎತ್ತಿದರೆ ಹೊಸದು ಹಗುರ. ಹಳೇದರ ಕೊಕ್ಕೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಇತ್ತು, ಹೊಸದರಲ್ಲಿ ತೆಳು ತಗಡು, ಅಂಚಿನಲ್ಲಿ ಕತ್ತರಿಸಿದ ಗೀರು ಹಾಗೇ ಉಳಿದಿತ್ತು. ಸ್ಕ್ರೂ ಡ್ರೈವರ್‌ನಿಂದ ಕೊಕ್ಕೆ ಒತ್ತಿದರೆ ಹಳೇದು ಟಕ್, ಟಕ್ ಎಂದು ಎರಡು ಸಲ ಗಟ್ಟಿಯಾಗಿ ಸದ್ದು ಮಾಡಿತು. ಹೊಸದರಲ್ಲಿ ಮೊದಲನೇ ಟಕ್ ಸರಿ, ಎರಡನೇದು ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಒಳಗಿನ ಸ್ಪ್ರಿಂಗಿಗೆ ಬಲವೇ ಇರಲಿಲ್ಲ.

ಅವತ್ತಿನಿಂದ ಡೋರ್ ಲಾಕಿನ ವಿಷಯದಲ್ಲಿ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಕಂಪನಿದೇ ಹಾಕಿಸಿ ಎಂದು ಹೇಳುವುದಿಲ್ಲ. ಅದು ಸುಮ್ನೆ ದುಡ್ಡು ದಂಡ. ಡೋರನ್ನು ಹಿಡಿದಿಡುವ ಭಾಗ ಯಾವುದು, ಬರೀ ಅಲ್ಲಾಡಿಸುವ ಭಾಗ ಯಾವುದು ಅಂತ ಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ಡೋರಿನೊಳಗೆ ಏನೇನಿದೆ ಅಂತ ತಿಳ್ಕೊಳ್ಳಿ

ಡೋರಿನ ಅಂಚಿನಲ್ಲಿ ಕಾಣುವ ಕೊಕ್ಕೆ ಇರುವ ಪೆಟ್ಟಿಗೆಯೇ ಲಾಚ್. ಬಾಡಿಯ ಕಂಬದ ಮೇಲೆ ಕಾಣುವ ದಪ್ಪ ಕಂಬಿಯ ಬಳೆ ಸ್ಟ್ರೈಕರ್. ಡೋರ್ ಹಾಕಿದಾಗ ಕೊಕ್ಕೆ ತಿರುಗಿ ಸ್ಟ್ರೈಕರನ್ನು ಅಪ್ಪಿಕೊಳ್ಳುತ್ತದೆ, ಹಿಂದಿನಿಂದ ಒಂದು ಚಿಕ್ಕ ತುಂಡು ಬಂದು ಕೊಕ್ಕೆ ವಾಪಸ್ ತಿರುಗದ ಹಾಗೆ ಅಡ್ಡ ನಿಲ್ಲುತ್ತದೆ. ಇದು ಎರಡು ಹಂತದಲ್ಲಿ ಆಗುತ್ತದೆ, ಅರ್ಧ ಮತ್ತು ಪೂರ್ತಿ. ಅರ್ಧ ಹಂತ ಇರುವುದು ಡೋರ್ ಸರಿಯಾಗಿ ಹಾಕದೆ ಹೋದರೂ ತಟ್ಟನೆ ತೆರೆದುಕೊಳ್ಳದಿರಲಿ ಅಂತ.

ಹೊರಗೆ ಮತ್ತು ಒಳಗೆ ಹ್ಯಾಂಡಲ್. ಅವುಗಳಿಂದ ಲಾಚಿಗೆ ರಾಡು ಅಥವಾ ಕೇಬಲ್, ರಾಡಿನ ತುದಿಗೆ ಪ್ಲಾಸ್ಟಿಕ್ ಕ್ಲಿಪ್. ಮುಂದಿನ ಡೋರಿನಲ್ಲಿ ಕೀ ಹಾಕುವ ಬ್ಯಾರಲ್. ಆಮೇಲೆ ನಾವು ಸೆಂಟರ್ ಲಾಕ್ ಅನ್ನುವುದಕ್ಕೆ ಒಂದು ಪುಟ್ಟ 12 ವೋಲ್ಟ್ ಮೋಟರ್. ಹಳೇ ಗಾಡಿಗಳಲ್ಲಿ ಈ ಮೋಟರ್ ಬೇರೆ ಇರುತ್ತದೆ, ಈಗಿನ ಎಷ್ಟೋ ಗಾಡಿಗಳಲ್ಲಿ ಲಾಚಿನ ಜೊತೆಗೇ ಸೇರಿಕೊಂಡಿರುತ್ತದೆ. ಹಿಂದಿನ ಡೋರಿನ ಲಾಚಿನಲ್ಲಿ ಚೈಲ್ಡ್ ಲಾಕಿನ ಕಡ್ಡಿಯೂ ಇರುತ್ತದೆ.

ಲಾಚ್ ಎಷ್ಟು ಗಟ್ಟಿ ಇರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ವಿಶ್ವಸಂಸ್ಥೆಯ ಅಡಿಯಲ್ಲಿ 2004ರಲ್ಲಿ ಬಂದ ಜಾಗತಿಕ ವಾಹನ ನಿಯಮಗಳಲ್ಲಿ ಮೊಟ್ಟಮೊದಲನೆಯದೇ ಡೋರ್ ಲಾಕಿನದ್ದು. ಅದರ ಪ್ರಕಾರ ಪೂರ್ತಿ ಹಿಡಿದ ಲಾಚ್ ಒಂದು ದಿಕ್ಕಿನಲ್ಲಿ 11,000 ನ್ಯೂಟನ್ ಎಳೆತ ತಡೆಯಬೇಕು, ಹೆಚ್ಚುಕಮ್ಮಿ 1,100 ಕಿಲೋ ಭಾರ ನೇತು ಹಾಕಿದಂತೆ. ಅರ್ಧ ಹಿಡಿದಾಗ 4,500 ನ್ಯೂಟನ್ ಸಾಕು. ಅಂದರೆ ಅರ್ಧ ಲಾಕಿನಲ್ಲಿ ಓಡುವ ಡೋರಿಗೆ ಇರಬೇಕಾದ ಬಲದಲ್ಲಿ ಅರ್ಧವೂ ಇರುವುದಿಲ್ಲ. ತಯಾರಕರ ಹೆಸರೇ ಇಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಬರುವ ಲಾಚನ್ನು ಯಾರಾದರೂ ಹೀಗೆ ಎಳೆದು ನೋಡಿದ್ದಾರೆ ಅಂತ ನಂಬುವುದು ಹೇಗೆ?

ಕೊಳ್ಳುವ ಮೊದಲು: ನಿಜವಾಗ್ಲೂ ಕೆಟ್ಟಿದೆಯಾ?

ಇದು ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಜೂನ್‌ನಲ್ಲಿ ಒದ್ದೆಯಾದ ಗಾಡಿ ಸರಿಯಾಗಿ ಒಣಗುವುದು ಅಕ್ಟೋಬರ್‌ಗೇ. ಬೇಸಿಗೆಯಲ್ಲಿ ತೋಟದ ರಸ್ತೆಯ ಕೆಂಪು ಧೂಳು ಲಾಚಿನ ಗ್ರೀಸಿಗೆ ಹೋಗಿ ಕೂರುತ್ತದೆ, ಮಳೆಗಾಲದಲ್ಲಿ ಅದೇ ಕೆಸರಾಗುತ್ತದೆ. ಹೀಗೆ ಜಾಮ್ ಆದ ಲಾಚನ್ನು "ಹೋಗಿದೆ" ಎಂದು ಎಸೆದ ಉದಾಹರಣೆ ನಮ್ಮ ಬೀದಿಯಲ್ಲೇ ಇದೆ.

ಸದ್ದು ಕೇಳಿಸಿಕೊಳ್ಳಿ. ಎಂಜಿನ್ ಆಫ್ ಮಾಡಿ, ಗಾಡಿಯಲ್ಲಿ ಒಬ್ಬರೇ ಕೂತು, ಕಿವಿಯನ್ನು ಡೋರಿಗೆ ಹತ್ತಿರ ಇಟ್ಟು ಲಾಕ್ ಬಟನ್ ಒತ್ತಿ. ಗರ್ರ್ ಅಂತ ಮೋಟರ್ ತಿರುಗಿದರೂ ಲಾಕ್ ಬೀಳದಿದ್ದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಸವೆದಿದೆ ಅಥವಾ ರಾಡಿನ ಕ್ಲಿಪ್ ಕಳಚಿದೆ. ಕ್ಲಿಪ್ಪಾದರೆ ಕೆಲವೇ ರೂಪಾಯಿಯ ಕೆಲಸ. ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ. ನಾಲ್ಕೂ ಡೋರು ಸತ್ತಿದ್ದರೆ ಬಹುಪಾಲು ಫ್ಯೂಸೋ ವೈರಿಂಗೋ ಆಗಿರುತ್ತದೆ, ನಾಲ್ಕು ಮೋಟರ್ ಒಂದೇ ದಿನ ಸಾಯುವುದಿಲ್ಲ. ಒಂದೇ ಡೋರು ಸತ್ತಿದ್ದರೆ ಡೋರಿಗೂ ಬಾಡಿಗೂ ನಡುವೆ ಕಾಣುವ ರಬ್ಬರ್ ಕೊಳವೆಯನ್ನು ಬಿಚ್ಚಿ ನೋಡಿ. ಡೋರ್ ತೆಗೆದು ಹಾಕಿ ಮಾಡುವಾಗ ಒಳಗಿನ ವೈರು ದಿನಾ ಮಡಚಿ ಮಡಚಿ ತುಂಡಾಗಿರುತ್ತದೆ. ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ಡ್ರೈವರ್ ಡೋರಿನದ್ದೇ ಮೊದಲು ಹೋಗುವುದು, ಯಾಕಂದರೆ ಅದನ್ನೇ ಜಾಸ್ತಿ ತೆಗೆಯುವುದು.

ಡೋರು ಸರಿಯಾಗಿ ಕೂರುತ್ತಿಲ್ಲ ಅನ್ನುವುದಾದರೆ ಡೋರನ್ನು ಅರ್ಧ ತೆಗೆದು ಹಿಂದಿನ ಅಂಚು ಹಿಡಿದು ಮೇಲಕ್ಕೆ ಎತ್ತಿ ನೋಡಿ. ಲಟಲಟ ಅಂದರೆ ಹಿಂಜ್ ಸವೆದು ಡೋರು ಜೋತಿದೆ. ಆಗ ಹೊಸ ಲಾಚ್ ಹಾಕಿದರೂ ಅದು ಸರಿಯಾಗಿ ಕೂರದೆ ಸ್ಟ್ರೈಕರಿಗೆ ಉಜ್ಜುತ್ತಲೇ ಇರುತ್ತದೆ.

ಇನ್ನು ತೊಳೆಯುವುದು. ಲಾಚಿನೊಳಕ್ಕೆ ಡಬ್ಲ್ಯೂಡಿ-40 ಥರದ ಸ್ಪ್ರೇ ಹೊಡೆದು, ಹಳೇ ಟೂತ್‌ಬ್ರಷ್‌ನಿಂದ ಕೆಸರು ತೆಗೆದು, ಬಟ್ಟೆಯಿಂದ ಒರೆಸಿ. ಅಲ್ಲಿಗೇ ನಿಲ್ಲಿಸಬೇಡಿ. ಆ ಸ್ಪ್ರೇ ತುಕ್ಕು ಬಿಡಿಸುತ್ತದೆ, ಬಹಳ ದಿನ ಉಳಿಯುವುದಿಲ್ಲ. ಒಣಗಿದ ಮೇಲೆ ಬಿಳಿ ಲಿಥಿಯಂ ಗ್ರೀಸ್ ಸ್ವಲ್ಪ ಹಚ್ಚಿ. ಕೀ ಹಾಕುವ ತೂತಿಗೆ ಮಾತ್ರ ಗ್ರೀಸ್ ಬೇಡ, ಅಲ್ಲಿಗೆ ಗ್ರಾಫೈಟ್ ಪುಡಿ ಅಥವಾ ಒಣ ಟೆಫ್ಲಾನ್ ಸ್ಪ್ರೇ. ನಮ್ಮ ಮನೆಗಳಲ್ಲಿ ಯಾವ ಬೀಗ ಬಿಗಿಯಾದರೂ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡುವ ರೂಢಿ ಇದೆ. ಕಾರಿನ ಕೀ ತೂತಿಗೆ ಬಿಡಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಬಚ್ಚಲ ಗೂಡಿನ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುವುದನ್ನು ನೋಡಿಲ್ವಾ, ಅದೇ ಬ್ಯಾರಲ್ ಒಳಗೂ ಆಗುತ್ತದೆ. ಜೊತೆಗೆ ಧೂಳನ್ನೂ ಹಿಡಿಯುತ್ತದೆ.

ಇಷ್ಟು ಮಾಡಿದ ಮೇಲೂ ಸರಿಹೋಗದಿದ್ದರೆ ಪಾರ್ಟ್ ಕೊಳ್ಳುವ ಮಾತು.

ಯಾವುದಕ್ಕೆ ಒರಿಜಿನಲ್, ಯಾವುದಕ್ಕೆ ಲೋಕಲ್

ಲಾಚ್ ಮತ್ತು ಸ್ಟ್ರೈಕರ್: ಒರಿಜಿನಲ್ ಮಾತ್ರ. ಇಲ್ಲಿ ಚೌಕಾಸಿ ಬೇಡ. ದುಡ್ಡು ಇವತ್ತಿಲ್ಲ ಅಂದರೆ ಆ ಡೋರಿನ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸದೆ ಒಂದು ತಿಂಗಳು ಕಾಯಿರಿ, ಲೋಕಲ್ ಹಾಕಿಸಬೇಡಿ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಒಳಗೆ ಕೂತವರ ಮೈಭಾರ ಪ್ರತಿ ತಿರುವಿಗೂ ಒಂದು ಡೋರಿನ ಮೇಲೆ ಬೀಳುತ್ತದೆ. ಹಿಂದಿನ ಡೋರಾದರೆ ಇನ್ನೂ ಕಟ್ಟುನಿಟ್ಟು, ಯಾಕಂದರೆ ಚೈಲ್ಡ್ ಲಾಕ್ ಆ ಲಾಚಿನೊಳಗೇ ಇದೆ, ಮಕ್ಕಳು ಕೂರುವುದು ಅಲ್ಲೇ.

ಸೆಂಟರ್ ಲಾಕ್ ಮೋಟರ್: ಇದು ಗಾಡಿ ನೋಡಿ ತೀರ್ಮಾನ ಮಾಡಬೇಕಾದ್ದು. ಗಾಡಿ ಹಳೇದು, ಕಂಪನಿಯಿಂದ ಸೆಂಟರ್ ಲಾಕ್ ಬಂದೇ ಇರಲಿಲ್ಲ, ಆಮೇಲೆ ಕಿಟ್ ಹಾಕಿಸಿದ್ದು ಅನ್ನುವುದಾದರೆ ಯೂನಿವರ್ಸಲ್ ಮೋಟರ್ ಧಾರಾಳವಾಗಿ ಸಾಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೋಟರ್ ಕೆಟ್ಟರೂ ಕೈಯಿಂದ ಲಾಕ್ ಮಾಡಬಹುದು, ಡೋರಿನ ಹಿಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೊಳ್ಳುವಾಗ ವೈರ್ ಎಣಿಸಿ. ಡ್ರೈವರ್ ಡೋರಿನದ್ದಕ್ಕೆ ಸಾಮಾನ್ಯವಾಗಿ ಐದು ವೈರ್, ಉಳಿದ ಮೂರಕ್ಕೆ ಎರಡೆರಡು. ಐದು ವೈರಿನ ಜಾಗಕ್ಕೆ ಎರಡರದ್ದು ಹಾಕಿದರೆ ಡ್ರೈವರ್ ಡೋರಿನಿಂದ ಉಳಿದವು ಲಾಕ್ ಆಗುವುದಿಲ್ಲ. ಫಿಟ್ ಮಾಡುವಾಗ ಡೋರಿನೊಳಗೆ ಹೊಸ ತೂತು ಕೊರೆಯುತ್ತಾರೆ, ಆ ತೂತಿನ ಅಂಚಿಗೆ ಒಂದು ಸಲ ಪೇಂಟ್ ಮುಟ್ಟಿಸಲು ಹೇಳಿ. ನಮ್ಮ ಮಳೆಗೆ ಬರೀ ತಗಡು ತಡೆಯುವುದಿಲ್ಲ.

ಗಾಡಿಗೆ ಕಂಪನಿಯಿಂದಲೇ ಸೆಂಟರ್ ಲಾಕ್ ಬಂದಿದ್ದರೆ ಮಾತು ಬೇರೆ. ಅಲ್ಲಿ ಮೋಟರ್ ಗಾಡಿಯ ಕಂಟ್ರೋಲ್ ಯೂನಿಟ್ ಹೇಳಿದ ಹಾಗೆ ಕೇಳುತ್ತದೆ. ಏರ್‌ಬ್ಯಾಗ್ ಇರುವ ಎಷ್ಟೋ ಗಾಡಿಗಳಲ್ಲಿ ಗುದ್ದಿದ ತಕ್ಷಣ ಡೋರ್‌ಗಳು ತಾವಾಗಿ ಅನ್‌ಲಾಕ್ ಆಗುತ್ತವೆ, ಹೊರಗಿನವರು ಬಂದು ತೆಗೆಯಲಿ ಅಂತ. ಸಾಕೆಟ್ ಕತ್ತರಿಸಿ ವೈರ್ ತಿರುಚಿ ಯೂನಿವರ್ಸಲ್ ಮೋಟರ್ ಹಾಕಿದರೆ ಆ ಕೆಲಸ ನಡೆಯುತ್ತದೆ ಅಂತ ಯಾರೂ ಖಾತ್ರಿ ಕೊಡಲಾರರು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಲ್ಲಿ ಕರೆಂಟ್ ಹೋದರೂ ಸೆಂಟರ್ ಲಾಕನ್ನು ಕೈಯಿಂದ ತೆಗೆಯುವ ವ್ಯವಸ್ಥೆ ಕಡ್ಡಾಯ. ರಿಪೇರಿ ಆದ ಮೇಲೂ ಅದು ಕೆಲಸ ಮಾಡಬೇಕು. ಈ ಗಾಡಿಗಳಿಗೆ ಮೋಟರ್ ಸಮೇತ ಒರಿಜಿನಲ್ ಲಾಚ್ ಸಾವಿರದ ಲೆಕ್ಕಕ್ಕೆ ಹೋಗುತ್ತದೆ, ನೋವಾಗುತ್ತದೆ, ಆದರೂ ಅದೇ ಸರಿ.

ಕೀ ಬ್ಯಾರಲ್: ಕಂಪನಿಯಲ್ಲಿ ಕೇಳಿದರೆ ಎಷ್ಟೋ ಸಲ ಪೂರ್ತಿ ಸೆಟ್ ಕೊಡುತ್ತೇವೆ ಅನ್ನುತ್ತಾರೆ. ಲೋಕಲ್ ಒಂದೇ ಕೊಂಡರೆ ಡೋರಿಗೊಂದು ಕೀ, ಇಗ್ನಿಷನ್‌ಗೊಂದು ಕೀ ಆಗುತ್ತದೆ. ನಡುವಿನ ದಾರಿ ಒಂದಿದೆ. ಬ್ಯಾರಲ್ ಒಳಗೆ ಚಿಕ್ಕ ಚಿಕ್ಕ ಹಿತ್ತಾಳೆ ಎಲೆಗಳಿರುತ್ತವೆ, ಅನುಭವ ಇರುವ ಕೀ ಮಾಡುವವರು ಅವನ್ನು ಅದಲುಬದಲು ಮಾಡಿ ನಿಮ್ಮ ಹಳೇ ಕೀಗೇ ಹೊಂದಿಸಿಕೊಡುತ್ತಾರೆ. ನಾನು ಇದನ್ನೇ ಮಾಡಿಸಿದ್ದು. ಬ್ಯಾರಲ್ ಮಾತ್ರ ಹೆಸರಿರುವ ತಯಾರಕರದ್ದು ತನ್ನಿ, ತೀರಾ ಅಗ್ಗದ್ದರಲ್ಲಿ ಎಲೆಗಳು ಬೇಗ ಸವೆಯುತ್ತವೆ.

ಹೊರಗಿನ ಹ್ಯಾಂಡಲ್: ಲೋಕಲ್ ಹಾಕಬಹುದು, ಒಂದು ವಿಷಯ ನೋಡಿಕೊಂಡು. ಕೆಲವು ಹ್ಯಾಂಡಲ್‌ಗಳ ಹಿಂದೆ ಚಿಕ್ಕ ತೂಕದ ತುಂಡು ಇರುತ್ತದೆ. ಪಕ್ಕದಿಂದ ಗುದ್ದಿದಾಗ ಹ್ಯಾಂಡಲ್ ತನ್ನ ಭಾರಕ್ಕೇ ಹೊರಗೆ ಎಳೆದುಕೊಂಡು ಡೋರ್ ತೆಗೆದುಬಿಡದಿರಲಿ ಅಂತ ಅದನ್ನು ಇಟ್ಟಿರುತ್ತಾರೆ. ಬಿಚ್ಚಿದ ಹ್ಯಾಂಡಲ್‌ನಲ್ಲಿ ಆ ತೂಕ ಇದ್ದರೆ ಹೊಸದರಲ್ಲೂ ಇರಲೇಬೇಕು. ಇಲ್ಲದಿದ್ದರೆ ವಾಪಸ್ ಕೊಡಿ.

ಒಳಗಿನ ಹ್ಯಾಂಡಲ್, ಕ್ಲಿಪ್, ಡೋರ್ ಪ್ಯಾಡಿನ (ಡೋರಿನ ಒಳಬದಿಯ ಹೊದಿಕೆಯ) ಗುಂಡಿಗಳು, ರಬ್ಬರ್ ಕೊಳವೆ ಎಲ್ಲ ಲೋಕಲ್ ಆದರೂ ನಡೆಯುತ್ತದೆ.

ಒರಿಜಿನಲ್ ಅಂದರೆ ಯಾವುದು?

ಕಾರ್ ಕಂಪನಿಗಳು ಲಾಕನ್ನು ತಾವೇ ಮಾಡುವುದು ಕಡಿಮೆ. ಬೇರೆಯವರು ಮಾಡಿ ಕೊಡುತ್ತಾರೆ, ಉದಾಹರಣೆಗೆ ಲಾಕ್ ಸೆಟ್‌ಗಳಲ್ಲಿ ಸ್ಪಾರ್ಕ್ ಮಿಂಡಾ ದೊಡ್ಡ ಹೆಸರು. ಹಾಗಾಗಿ ಅಂಗಡಿಯಲ್ಲಿ ಮೂರು ಥರ ಸಿಗುತ್ತದೆ. ಒಂದು, ಮಾರುತಿ ಜೆನ್ಯೂನ್ ಪಾರ್ಟ್ಸ್, ಹುಂಡೈ ಮೋಬಿಸ್ ಥರ ಕಾರ್ ಕಂಪನಿಯ ಡಬ್ಬಿಯಲ್ಲಿ ಬರುವುದು. ಎರಡು, ಲಾಕ್ ತಯಾರಕರು ತಮ್ಮದೇ ಡಬ್ಬಿಯಲ್ಲಿ ಮಾರುವುದು. ಇದು ನಿಮ್ಮ ಮಾಡೆಲ್‌ಗೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, ದರವೂ ಸಾಮಾನ್ಯವಾಗಿ ಕಡಿಮೆ. ಮೂರು, ಹೆಸರಿಲ್ಲದ ಲೋಕಲ್.

ಗುಜರಿಯದ್ದು ನಾಲ್ಕನೇ ದಾರಿ. ಅಪಘಾತದಲ್ಲಿ ಮುಂಭಾಗ ಹೋದ ಗಾಡಿಯ ಹಿಂದಿನ ಡೋರಿನ ಲಾಚ್ ಎಷ್ಟೋ ಸಲ ಹೊಸದರ ಹಾಗೇ ಇರುತ್ತದೆ. ಹೊಸ ಲೋಕಲ್‌ಗಿಂತ ಹಳೇ ಒರಿಜಿನಲ್ ಮೇಲು ಅಂತ ನನ್ನ ಅಭಿಪ್ರಾಯ. ಆದರೆ ಆ ಡೋರಿಗೇ ಪೆಟ್ಟು ಬಿದ್ದಿದ್ದರೆ, ಇಲ್ಲಾ ಗಾಡಿ ನೆರೆ ನೀರಿನಲ್ಲಿ ಮುಳುಗಿದ್ದರೆ ಮುಟ್ಟಬೇಡಿ.

ಅಂಗಡಿಗೆ ಹೋಗುವಾಗ

ಆರ್‌ಸಿ ಫೋಟೋ ಇಟ್ಟುಕೊಳ್ಳಿ. ಚಾಸಿಸ್ ನಂಬರ್ ಕೊಟ್ಟರೆ ಕಂಪನಿ ಕೌಂಟರಿನಲ್ಲಿ ಸರಿಯಾದ ಪಾರ್ಟ್ ನಂಬರ್ ತೆಗೆದು ಹೇಳುತ್ತಾರೆ. ಒಂದೇ ಮಾಡೆಲ್‌ನಲ್ಲೂ ವರ್ಷದಿಂದ ವರ್ಷಕ್ಕೆ ಲಾಚ್ ಬದಲಾಗುತ್ತದೆ. ಎಡ, ಬಲ, ಮುಂದೆ, ಹಿಂದೆ ನಾಲ್ಕಕ್ಕೂ ಬೇರೆ ಬೇರೆ ನಂಬರ್. ಆ ನಂಬರ್ ಬರೆದುಕೊಂಡು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ನಾಲ್ಕು ಅಂಗಡಿ ಕೇಳಿ, ದರ ಹೋಲಿಸಿ. ಸಾಧ್ಯವಾದರೆ ಹಳೇ ಪಾರ್ಟ್ ಬಿಚ್ಚಿಕೊಂಡೇ ಹೋಗಿ. ಆದರೆ ಲಾಚ್ ಇಲ್ಲದ ಡೋರನ್ನು ಕಟ್ಟಿಕೊಂಡು ಗಾಡಿ ಓಡಿಸಬೇಡಿ, ಬಸ್ಸಿನಲ್ಲಿ ಹೋಗಿ ಬನ್ನಿ.

ಡಬ್ಬಿ ಕೈಗೆ ಬಂದ ಕೂಡಲೇ ಬಿಚ್ಚುವ ಮೊದಲು ಓದಿ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ತಯಾರಾದ ತಿಂಗಳು, ವರ್ಷ, ಎಂಆರ್‌ಪಿ, ದೂರು ಹೇಳುವ ಫೋನ್ ನಂಬರ್ ಇರಬೇಕು, 2011ರ ಪ್ಯಾಕೇಜ್ ನಿಯಮ ಇದನ್ನು ಕಡ್ಡಾಯ ಮಾಡಿದೆ. ಇವು ಇಲ್ಲದ ಡಬ್ಬಿಯ ಮೇಲೆ ಕಂಪನಿ ಲೋಗೋ ಎಷ್ಟೇ ಚೆನ್ನಾಗಿದ್ದರೂ ಅನುಮಾನ ಪಡಿ. ಡಬ್ಬಿಯ ಪಾರ್ಟ್ ನಂಬರೂ ನೀವು ಬರೆದುಕೊಂಡ ನಂಬರೂ ಒಂದೇನಾ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28 ಇದ್ದದ್ದು ಶೇ. 18ಕ್ಕೆ ಇಳಿದಿದೆ, ಹಳೇ ಸ್ಟಾಕ್ ಆದರೆ ಹೊಸ ದರ ಎಷ್ಟು ಅಂತ ಕೇಳಿ. ಬಿಲ್ ಇಲ್ಲದೆ ತಗೊಳ್ಳಬೇಡಿ. ನಾನು ಆ ಲೋಕಲ್ ಲಾಚಿಗೆ ಬಿಲ್ ತಗೊಂಡಿರಲಿಲ್ಲ, ವಾಪಸ್ ಕೊಡಲು ಹೋದಾಗ ಮಾತಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಕೌಂಟರಿನಲ್ಲೇ ಟಕ್ ಟಕ್ ಪರೀಕ್ಷೆ ಮಾಡಿ. ಸ್ಕ್ರೂ ಡ್ರೈವರ್ ಕೇಳಿ ತಗೊಂಡು ಕೊಕ್ಕೆ ಒತ್ತಿ. ಹತ್ತು ಸಲ ಒತ್ತಿದರೆ ಹತ್ತು ಸಲವೂ ಎರಡು ಟಕ್ ಬರಬೇಕು, ಲಿವರ್ ಎಳೆದಾಗ ಒಂದೇ ಏಟಿಗೆ ಬಿಡಬೇಕು. ಸಾಕೆಟ್‌ನ ಪಿನ್ ಎಣಿಸಿ ಹಳೇದಕ್ಕೆ ಹೋಲಿಸಿ. ಒಂದು ಪಿನ್ ಕಡಿಮೆ ಇದ್ದರೆ ಬಹುಶಃ ಡೋರ್ ಲೈಟಿನ ಸ್ವಿಚ್ ಅದರಲ್ಲಿ ಇಲ್ಲ. ಅವತ್ತು ಮಂಡಗದ್ದೆ ತಿರುವಿನಲ್ಲಿ ನನ್ನನ್ನು ಎಚ್ಚರಿಸಿದ್ದು ಆ ಸ್ವಿಚ್ಚೇ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಮೇಸ್ತ್ರಿ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಡೋರ್ ಪ್ಯಾಡ್ ತೆಗೆದಾಗ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುವುದು ಕಾಣುತ್ತದೆ. ಗಾಜಿನ ಸಂದಿಯಿಂದ ಇಳಿಯುವ ಮಳೆ ನೀರು ಒಳಗೆ ಬರದೆ ಕೆಳಗೆ ಹೋಗಲಿ ಅಂತ ಇರುವುದು ಅದು. ಅವಸರದಲ್ಲಿ ಅದನ್ನು ಹರಿದು, ಎರಡು ಕಡೆ ಟೇಪ್ ಹಚ್ಚಿ ಮುಚ್ಚಿಬಿಡುವುದು ತುಂಬಾ ಕಡೆ ನಡೆಯುತ್ತದೆ. ಬಯಲುಸೀಮೆಯಲ್ಲಿ ಹೇಗೋ ನಡೆದೀತು, ನಮ್ಮಲ್ಲಿ ಮೊದಲ ಮಳೆಗೇ ಮ್ಯಾಟ್ ಒದ್ದೆ, ಸ್ವಿಚ್ಚಿಗೆ ನೀರು. ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಕಪ್ಪು ಬ್ಯುಟೈಲ್ ಟೇಪಿನಿಂದ ಸುತ್ತಲೂ ಅಂಟಿಸಿ ಅಂತ ಹೇಳಿ. ಹತ್ತು ನಿಮಿಷದ ಕೆಲಸ.

ಲಾಚಿನ ಸ್ಕ್ರೂಗಳನ್ನು ಕೈಯಿಂದ ನೇರ ಕೂರಿಸಿ ಆಮೇಲೆ ಬಿಗಿ ಮಾಡಬೇಕು. ಡೋರ್ ಹಾಕುವ ಮೊದಲು, ತೆರೆದಿಟ್ಟುಕೊಂಡೇ, ಸ್ಕ್ರೂ ಡ್ರೈವರ್‌ನಿಂದ ಕೊಕ್ಕೆ ಒತ್ತಿ ಹೊರ ಹ್ಯಾಂಡಲ್, ಒಳ ಹ್ಯಾಂಡಲ್, ಕೀ, ರಿಮೋಟ್ ಎಲ್ಲದರಿಂದಲೂ ಬಿಡುತ್ತದಾ ನೋಡಿ. ಇದನ್ನು ಮಾಡದೆ ಡೋರ್ ಹಾಕಿಬಿಟ್ಟು, ಆಮೇಲೆ ತೆಗೆಯಲಿಕ್ಕೇ ಬರದೆ ಪ್ಯಾಡ್ ಒಡೆದವರಿದ್ದಾರೆ. ಹಿಂದಿನ ಡೋರಾದರೆ ಚೈಲ್ಡ್ ಲಾಕ್ ಹಾಕಿ, ಒಳಗೆ ಕೂತು ಎಳೆದು ನೋಡಿ. ತೆರೆಯಬಾರದು. ಹೊರಗಿಂದ ತೆರೆಯಬೇಕು.

ಕೊನೆಗೆ ಡೋರಿನ ತಳದ ಅಂಚಿನಲ್ಲಿ ನೀರು ಹೋಗುವ ತೂತುಗಳನ್ನು ಹುಡುಕಿ. ಕೊಳೆತ ಎಲೆ, ಕೆಸರು ತುಂಬಿ ಮುಚ್ಚಿರುತ್ತವೆ, ಡೋರಿನೊಳಗೆ ನೀರು ನಿಂತು ಹೊಸ ಲಾಚನ್ನೂ ತಿನ್ನುತ್ತದೆ. ಒಂದು ಅಡಿಕೆ ಹಾಳೆ ಸೀಳು ಅಥವಾ ಪ್ಲಾಸ್ಟಿಕ್ ಕಡ್ಡಿ ಹಾಕಿ ಬಿಡಿಸಿ, ಕಬ್ಬಿಣದ ಕಂಬಿ ಬೇಡ, ಪೇಂಟ್ ಕೀಳುತ್ತದೆ. ಆಮೇಲೆ ಗಾಜು ಏರಿಸಿ ಅದರ ಹೊರ ಅಂಚಿಗೆ ನಿಧಾನವಾಗಿ ಒಂದು ಚೊಂಬು ನೀರು ಸುರಿಯಿರಿ. ಡೋರಿನ ಕೆಳಗೆ ಕೂತು ನೋಡಿ, ಅರ್ಧ ನಿಮಿಷದೊಳಗೆ ತೊಟ್ಟಿಕ್ಕಲು ಶುರುವಾಗಬೇಕು. ನಾನು ಇದನ್ನು ಪ್ರತಿ ವರ್ಷ ಮೇ ಕೊನೆಯ ವಾರ, ಮೊದಲ ಮಳೆ ಬೀಳುವ ಮುಂಚೆ, ನಾಲ್ಕೂ ಡೋರಿಗೆ ಮಾಡುತ್ತೇನೆ.